ಇಮೇಲ್‌ನಲ್ಲಿ ಕನ್ನಡ ಕೆಡುವುದೆಲ್ಲಿ?

ಕನ್ನಡದಲ್ಲಿ ಬಂದ ಇಮೇಲ್ ಗೊತ್ತುಗುರಿಯಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಂಡಾಗ ಹಲವರು ಫಾಂಟ್ ಹುಡುಕಲು ಹೊರಡುತ್ತಾರೆ. ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಕಾಣುವುದು ಖಾಲಿ ಚೌಕಗಳು. ಅಪರಿಚಿತ ಚಿಹ್ನೆಗಳು ಕಂಡರೆ ದೋಷವನ್ನು ಮೊದಲು ಹುಡುಕಬೇಕಾದದ್ದು ಸಂದೇಶದ ಹೆಡರ್‌ನಲ್ಲಿ, ಅಂದರೆ ಸಂದೇಶದ ತಲೆಯಲ್ಲಿರುವ ಮಾಹಿತಿ ಸಾಲುಗಳಲ್ಲಿ.

ಇಮೇಲ್ ಸಾಗಣೆಯ ನಿಯಮಗಳು 1982ರಲ್ಲಿ ರೂಪುಗೊಂಡಾಗ ಪ್ರತಿ ಅಕ್ಷರಕ್ಕೂ ಏಳು ಬಿಟ್‌ಗಳು, ಅಂದರೆ ಒಟ್ಟು 128 ಸಂಕೇತಗಳು ಮಾತ್ರ ಲೆಕ್ಕದಲ್ಲಿದ್ದವು. ಇಂದು ನಾವು ಬಳಸುವ ಯುಟಿಎಫ್-8 ಎಂಬ ಸಂಕೇತಪದ್ಧತಿಯಲ್ಲಿ ‘ಕ’ ಎಂಬುದು 224, 178, 149 ಎಂಬ ಮೂರು ಬೈಟ್‌ಗಳು, ಅಂದರೆ ಎಂಟೆಂಟು ಬಿಟ್‌ಗಳ ಮೂರು ಗುಂಪುಗಳು. ಎಂಟನೆಯ ಬಿಟ್ಟನ್ನು ಕತ್ತರಿಸುವ ಹಳೆಯ ಸರ್ವರ್ ಮೂಲಕ ಅದನ್ನು ಹಾಗೆಯೇ ಕಳಿಸಿದರೆ ಉಳಿಯುವುದು 96, 50, 21: ಬ್ಯಾಕ್‌ಟಿಕ್ (`) ಎಂಬ ಪುಟ್ಟ ಓರೆ ಗುರುತು, ‘2’ ಎಂಬ ಅಂಕಿ, ಮತ್ತು ಕಣ್ಣಿಗೆ ಕಾಣದ ಒಂದು ನಿಯಂತ್ರಣ ಸಂಕೇತ. ಹೀಗೆ ಕಳೆದುಹೋದ ಬಿಟ್ಟನ್ನು ಓದುಗನ ಕಡೆಯ ಯಾವ ತಂತ್ರಾಂಶವೂ ಖಚಿತವಾಗಿ ಮರಳಿಸಲಾರದು.

ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ಮುಂದಿಟ್ಟ ‘ಮೈಮ್’ ಮಾನಕವು ಇದಕ್ಕೆ ಎರಡು ಪ್ರತ್ಯೇಕ ಘೋಷಣೆಗಳನ್ನು ತಂದಿತು. ಯಾವ ಬೈಟ್‌ಗಳು ಯಾವ ಅಕ್ಷರವೆಂದು ಹೇಳುವುದು ಅಕ್ಷರಸಮೂಹದ ಘೋಷಣೆ. ಆ ಬೈಟ್‌ಗಳನ್ನು ಪ್ರಯಾಣಕ್ಕಾಗಿ ಹೇಗೆ ಕಟ್ಟಲಾಗಿದೆಯೆಂದು ಹೇಳುವುದು ಸಾಗಣೆ ಸಂಕೇತೀಕರಣದ ಘೋಷಣೆ. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಬಹಳಷ್ಟು ಗೊಂದಲ ಹುಟ್ಟುತ್ತದೆ.

ಕಟ್ಟುವ ಬಗೆಯ ಆಯ್ಕೆಯೂ ಕನ್ನಡಕ್ಕೆ ಸಣ್ಣ ವಿಷಯವಲ್ಲ. ‘ಕನ್ನಡ’ ಎಂಬ ಪದದಲ್ಲಿ ವ್ಯಂಜನದ ಸ್ವರವನ್ನು ತೆಗೆಯುವ ಹಲಂತ ಚಿಹ್ನೆಯೂ ಸೇರಿ ಐದು ಯೂನಿಕೋಡ್ ಘಟಕಗಳು, ಅಂದರೆ 15 ಬೈಟ್‌ಗಳಿವೆ. ಮೂರು ಬೈಟ್‌ಗಳನ್ನು ನಾಲ್ಕು ಸರಳ ಅಕ್ಷರಗಳಾಗಿ ಕಟ್ಟುವ ಬೇಸ್64ರಲ್ಲಿ ಇದು 20 ಅಕ್ಷರಗಳಾಗುತ್ತದೆ. ಪ್ರತಿ ಬೈಟ್‌ಗೂ ಸಮಚಿಹ್ನೆಯೊಂದಿಗೆ ಮೂರು ಅಕ್ಷರ ತೆಗೆದುಕೊಳ್ಳುವ ಕೋಟೆಡ್-ಪ್ರಿಂಟಬಲ್‌ನಲ್ಲಿ 45. ಎರಡನೆಯದು ನಡುನಡುವೆ ಕೆಲವೇ ವಿಶೇಷ ಅಕ್ಷರಗಳಿರುವ ಫ್ರೆಂಚ್‌ನಂಥ ಭಾಷೆಗಳಿಗೆ ಹೊಂದುತ್ತದೆ. ಪೂರ್ತಿ ಕನ್ನಡದ ಬರಹಕ್ಕೆ ಬೇಸ್64 ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ವಿಷಯದ ಸಾಲಿಗೆ ನಿಯಮ ಇನ್ನೂ ಬಿಗಿ. ಅಲ್ಲಿ ಪ್ರತಿ ಸಂಕೇತಿತ ತುಣುಕೂ 75 ಅಕ್ಷರ ಮೀರಬಾರದು, ಮತ್ತು ಅಕ್ಷರಸಮೂಹದ ಹೆಸರನ್ನು ತುಣುಕು ತನ್ನೊಳಗೇ ಹೊತ್ತಿರಬೇಕು. ಯುಟಿಎಫ್-8 ಮತ್ತು ಬೇಸ್64 ಬಳಸಿದರೆ ಒಂದು ತುಣುಕಿನಲ್ಲಿ ಹೆಚ್ಚೆಂದರೆ 15 ಕನ್ನಡ ಘಟಕಗಳು ಹಿಡಿಯುತ್ತವೆ. ಆದ್ದರಿಂದ ಸ್ವಲ್ಪ ಉದ್ದನೆಯ ಶೀರ್ಷಿಕೆಯೂ ಒಡೆಯಲೇಬೇಕಾಗುತ್ತದೆ. ಬೈಟ್‌ಗಳನ್ನಷ್ಟೇ ಎಣಿಸಿ ಒಂದು ಅಕ್ಷರದ ನಡುವೆ ಕತ್ತರಿ ಹಾಕುವ ತಂತ್ರಾಂಶದಿಂದಾಗಿಯೇ ಶೀರ್ಷಿಕೆಯ ಮಧ್ಯೆ ಪ್ರಶ್ನಾರ್ಥಕ ಚಿಹ್ನೆಗಳು ಇಣುಕುತ್ತವೆ. ಅಕ್ಕಪಕ್ಕದ ತುಣುಕುಗಳ ನಡುವಿನ ಖಾಲಿ ಜಾಗವನ್ನು ಓದುವ ತಂತ್ರಾಂಶ ಅಳಿಸುತ್ತದೆ. ಪದಗಳ ನಡುವೆ ಬೇಕಾದ ಜಾಗವನ್ನು ತುಣುಕಿನೊಳಗೇ ಸೇರಿಸಿ ಕಟ್ಟಬೇಕು.

ಸರಳ ಪಠ್ಯ ಮತ್ತು ಎಚ್‌ಟಿಎಂಎಲ್ ಎರಡೂ ಇರುವ ಸಂದೇಶದಲ್ಲಿ ಪ್ರತಿ ಭಾಗಕ್ಕೂ ಬೇರೆಬೇರೆ ಘೋಷಣೆ ಬೇಕು, ಏಕೆಂದರೆ ಅಕ್ಷರಸಮೂಹವನ್ನು ಹೇಳದ ಸರಳ ಪಠ್ಯವನ್ನು ಮೈಮ್ ಮೂಲತಃ ಆಸ್ಕಿ, ಅಂದರೆ ಏಳು ಬಿಟ್‌ಗಳ ಆ ಹಳೆಯ 128 ಸಂಕೇತಗಳ ಸಮೂಹ, ಎಂದೇ ಎಣಿಸುತ್ತದೆ.

ಕೆಟ್ಟ ಸಂದೇಶ ಬಂದಾಗ ಅದರ ರೂಪವೇ ದೋಷದ ಸುಳಿವು ಕೊಡುತ್ತದೆ. ಸಮಚಿಹ್ನೆಗಳ ಹಿಂಡು ಕಂಡರೆ ಸಾಗಣೆಯ ಘೋಷಣೆ ತಪ್ಪಿದೆ. ತಲೆಯ ಮೇಲೆ ಓರೆಗೆರೆಯಿರುವ ಲ್ಯಾಟಿನ್ ‘ಎ’ ಮತ್ತು ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3 ಮತ್ತೆಮತ್ತೆ ಬಂದರೆ, ಕಟ್ಟು ಸರಿಯಾಗಿಯೇ ಬಿಚ್ಚಿದ್ದರೂ ಯುಟಿಎಫ್-8 ಬೈಟ್‌ಗಳನ್ನು ಪಶ್ಚಿಮ ಯುರೋಪಿನ ಅಕ್ಷರಸಮೂಹವೆಂದು ಓದಲಾಗಿದೆ.