ಎರಡೂ 2 ಇಂಚು ಅಂತಾರೆ, ಒಂದರೊಳಗೊಂದು ಹೋಗ್ತಿಲ್ಲ!

ಪ್ರಶ್ನೆ: ನನ್ನದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸೈಲೆನ್ಸರ್ ಡಬ್ಬಿ ತುಕ್ಕು ಹಿಡಿದು ತೂತಾಗಿದೆ, ನಡುವಿನ ಪೈಪೂ ಹೋಗಿದೆ. ಕಂಪನಿ ಪಾರ್ಟ್ ದುಬಾರಿ ಅಂತ ಡಬ್ಬಿಯನ್ನು ಆನ್‌ಲೈನ್‌ನಲ್ಲಿ ತರಿಸಿದೆ, ಪೈಪನ್ನು ಹುಬ್ಬಳ್ಳಿಯಲ್ಲೇ ಕೊಂಡೆ. ಎರಡಕ್ಕೂ 2 ಇಂಚು ಅಂದಿದ್ದರು. ಈಗ ಕೂಡುತ್ತಿಲ್ಲ. ಗ್ಯಾರೇಜಿನವರು "ವೆಲ್ಡಿಂಗ್ ಹೊಡ್ದು ಕೂಡಸ್ತೀವಿ, ನೀವ್ ಬಿಡ್ರೀ" ಅಂತಾರೆ. ಬಿಡಲಾ?

ಉತ್ತರ: ಸ್ವಲ್ಪ ತಡೀರಿ. ಬೇರೆ ಬೇರೆ ಕಡೆಯ ಭಾಗಗಳನ್ನು ಸೇರಿಸಿ ಹಾಕಿಸುವುದು ಅಪರಾಧವೇನಲ್ಲ, ಸರಿಯಾಗಿ ಹಾಕಿದರೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ವೆಲ್ಡಿಂಗ್‌ಗೆ ಮೊದಲು ವರ್ನಿಯರ್ ಬೇಕು, ಅಂದರೆ ಮಿಲಿಮೀಟರಿನ ಭಾಗವನ್ನೂ ಅಳೆಯುವ ಉಪಕರಣ. ಗ್ಯಾರೇಜಿನಲ್ಲಿ ಇಲ್ಲದಿದ್ದರೆ ಪಕ್ಕದ ಲೇತ್ ಅಂಗಡಿಯಲ್ಲಿ ಖಂಡಿತ ಇರುತ್ತದೆ.

2 ಇಂಚು ಅಂದರೆ 50.8 ಮಿಲಿಮೀಟರ್. ಸರಿ, ಆದರೆ ಯಾವ ಕಡೆಯ ಅಳತೆ? ಪೈಪನ್ನು ಹೊರಗಿನ ಅಳತೆ ಹೇಳಿ ಮಾರುತ್ತಾರೆ. ಡಬ್ಬಿಯ ಬಾಯಿಯನ್ನು ಹೆಚ್ಚಾಗಿ ಒಳಗಿನ ಅಳತೆ ಹೇಳಿ ಮಾರುತ್ತಾರೆ, ಪೈಪು ಅದರೊಳಗೆ ಹೋಗಲಿ ಅಂತ. ಆದರೆ ಎಲ್ಲರೂ ಹಾಗೆ ಮಾಡುವುದಿಲ್ಲ. ನಿಮ್ಮ ಡಬ್ಬಿಯ ಬಾಯಿಗೂ ಹೊರಗಿನ ಅಳತೆಯನ್ನೇ ಬರೆದಿರಬೇಕು. ತಗಡು ಒಂದೂವರೆ ಮಿಲಿಮೀಟರ್ ದಪ್ಪ ಇದ್ದರೆ ಒಳಗೆ ಉಳಿಯುವುದು 47.8. ಅದರೊಳಗೆ 50.8ರ ಪೈಪು ಹೇಗೆ ಹೋದೀತು? ಎರಡು ಟಗರು ತಲೆಗೆ ತಲೆ ಕೊಟ್ಟ ಹಾಗೆ ನಿಲ್ಲುತ್ತವೆ, ಅಷ್ಟೇ. ಇದಕ್ಕೆ ಪರಿಹಾರ ಸುಲಭ. ಒಂದು ಬಾಯಿಯನ್ನು ಎಕ್ಸ್‌ಪ್ಯಾಂಡರ್ ಹಾಕಿ ಅಗಲ ಮಾಡಿಸಿ, ಎರಡು ಇಂಚಿನಷ್ಟು ಒಳಗೆ ಕೂರಿಸಿ, ಕ್ಲ್ಯಾಂಪ್ ಹಾಕಿದರೆ ಮುಗಿಯಿತು. ಅರ್ಧ ಮಿಲಿಮೀಟರ್ ಸಡಿಲ ಇದ್ದರೆ ಕ್ಲ್ಯಾಂಪ್ ಎಳೆದು ಹಿಡಿಯುತ್ತದೆ. ಎರಡು ಮಿಲಿಮೀಟರ್ ಇದ್ದರೆ ಯಾವ ಕ್ಲ್ಯಾಂಪೂ ಹಿಡಿಯುವುದಿಲ್ಲ.

ನನಗೆ ಇನ್ನೊಂದು ಅನುಮಾನ. ನಿಮ್ಮ ಕಾರಿನ ಸ್ವಂತ ಪೈಪೇ 2 ಇಂಚು ಇದೆಯಾ? ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಒಂದೂವರೆ ಇಂಚಿನ ಆಸುಪಾಸು. ಒಂದೂವರೆಯಿಂದ ಎರಡಕ್ಕೆ ಹೋದರೆ ಅರ್ಧ ಇಂಚು ತಾನೇ ಅನಿಸುತ್ತದೆ. ಹೊಗೆ ಹೋಗುವ ದಾರಿ ಮಾತ್ರ ಹತ್ತಿರ ಹತ್ತಿರ 1.8 ಪಟ್ಟು ಆಗುತ್ತದೆ. ಪವರ್ ಅಂತೂ ಜಾಸ್ತಿ ಆಗಲ್ಲ, ಹೈವೇಯಲ್ಲಿ ಕಿವಿಯೊಳಗೆ ಗುಂಯ್ ಅನ್ನುವುದು ಮಾತ್ರ ಜಾಸ್ತಿ. ಹಳೆ ಪೈಪನ್ನು ಗುಜರಿಗೆ ಹಾಕಿಲ್ಲ ಅಂದರೆ ಅದನ್ನೇ ತಂದು ಅಳೆಯಿರಿ.

ಈಗ ವೆಲ್ಡಿಂಗ್ ವಿಷಯ. ಇದರಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ನನ್ನ ಕಾರಿಗೂ ಹೀಗೇ ಅಲ್ಲೊಂದು ಇಲ್ಲೊಂದು ತಂದು ಹಾಕಿಸಿದ್ದೆ. ಎರಡು ಫ್ಲ್ಯಾಂಜ್‌ಗಳ (ಪೈಪಿನ ತುದಿಯಲ್ಲಿ ಬೋಲ್ಟ್ ಹಾಕಲು ಇರುವ ಚಪ್ಪಟೆ ಅಂಚು) ನಡುವೆ ಒಂದು ಬದಿಯಲ್ಲಿ ಕಿರುಬೆರಳು ಹೋಗುವಷ್ಟು ಸಂದು ಉಳಿದಿತ್ತು. ಹುಡುಗ ಪೈಪಿನ ಮೇಲೆ ಕಾಲಿಟ್ಟು ಒತ್ತಿ, ಪಾನಾ ಹಾಕಿ ಬೋಲ್ಟ್ ಎಳೆದ. ಸಂದು ಮುಚ್ಚಿತು. ನಾನೂ ಭೇಷ್ ಅಂದೆ. ಮೂರು ವಾರ ಸುಮ್ನಿತ್ತು. ಆಮೇಲೆ ಒಂದು ಸಂಜೆ ಉಣಕಲ್ ಹತ್ತಿರ ಹಂಪ್ ದಾಟುವಾಗ ಕೆಳಗಿನಿಂದ ಠಣ್ ಅಂತು, ಹಿಂದೆಯೇ ಟ್ರ್ಯಾಕ್ಟರ್ ಸದ್ದು. ಎತ್ತಿ ನೋಡಿದರೆ ಫ್ಲ್ಯಾಂಜಿನ ಕುತ್ತಿಗೆಯಲ್ಲಿ ವೆಲ್ಡಿಂಗ್ ಸೀಳಿತ್ತು. ಅದಕ್ಕಿಂತ ಬೇಜಾರಿನ ಸಂಗತಿ ಏನೆಂದರೆ ಎಂಜಿನ್ ಕಡೆಯ ಫ್ಲೆಕ್ಸಿಬಲ್ ಪೈಪಿನ ಜಾಲರಿಯೂ ಕಿತ್ತು ಬಂದಿತ್ತು. ಉಳಿಸಿದ ದುಡ್ಡು ಅಲ್ಲಿಗೇ ಹೋಯಿತು.

ಯಾಕೆ ಹಾಗಾಯಿತು? ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಗೇರ್ ಹಾಕಿದಾಗಲೆಲ್ಲ ಅಲುಗಾಡುತ್ತದೆ. ಪೈಪೂ ಕಾದಾಗ ಉದ್ದವಾಗುತ್ತದೆ. ಒಂದು ಮೀಟರ್ ಮಾಮೂಲಿ ಉಕ್ಕಿನ ಪೈಪು 400 ಡಿಗ್ರಿ ಬಿಸಿ ಏರಿದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆದರೆ ಸುಮಾರು 7. ಎರಡನ್ನೂ ಸೇರಿಸಿ ವೆಲ್ಡ್ ಮಾಡಿದರೆ ಆ ಜೋಡಣೆಯಲ್ಲಿ ದಿನಾ ಜಗ್ಗಾಟ. ಇದರ ಜೊತೆ ಬೋಲ್ಟಿನಿಂದ ಬಲವಂತವಾಗಿ ಎಳೆದಿದ್ದರೆ ಎಷ್ಟು ದಿನ ತಡೆದೀತು ಹೇಳಿ. ಹಾಗಾಗಿ ನನ್ನ ಲೆಕ್ಕ ಇಷ್ಟೇ: ತಣ್ಣಗಿದ್ದಾಗ ಕೈಯಿಂದ ಕೂಡದೇ ಇದ್ದದ್ದನ್ನು ಪಾನಾದಿಂದ ಕೂಡಿಸಬಾರದು.

ಗ್ಯಾರೇಜಿನಲ್ಲಿ ಹೀಗೆ ಮಾಡಿಸಿ. ಎಲ್ಲ ಭಾಗಗಳನ್ನೂ ಮೊದಲು ಹ್ಯಾಂಗರ್ ರಬ್ಬರಿಗೆ ನೇತುಹಾಕಲಿ. ನಟ್‌ಗಳನ್ನು ಬೆರಳಲ್ಲಿ ತಿರುಗಿಸಿದಷ್ಟೇ ಬಿಗಿ ಮಾಡಲಿ. ಕೆಳಗೆ ಬಗ್ಗಿ ನೋಡಿ. ರಬ್ಬರ್ ಯಾವುದಾದರೂ ಓರೆಯಾಗಿ ಜಗ್ಗಿದೆಯಾ? ಬಂಪರಿಗೆ, ಪೆಟ್ರೋಲ್ ಟ್ಯಾಂಕಿಗೆ, ಬ್ರೇಕ್ ಪೈಪಿಗೆ ತಾಗುವಂತಿದೆಯಾ? ಎಲ್ಲ ಸರಿ ಅನಿಸಿದ ಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬರಲಿ. ವೆಲ್ಡಿಂಗ್ ಬೇಕೇ ಬೇಕು ಅಂದರೆ ಬ್ಯಾಟರಿಯ ಮೈನಸ್ ತೆಗೆಸಿ, ಅರ್ಥ್ ಕ್ಲಿಪ್ಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ. ದೂರದಲ್ಲೆಲ್ಲೋ ಕಾರಿನ ಬಾಡಿಯ ಮೇಲೆ ಸಿಕ್ಕಿಸಿದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ ಅಪಾಯ.

ಫ್ಲ್ಯಾಂಜ್‌ನಲ್ಲಿ ಎರಡು ಬೋಲ್ಟಿನದು, ಮೂರು ಬೋಲ್ಟಿನದು ಅಂತ ಬೇರೆ ಬೇರೆ ಇವೆ, ಅದು ಕಣ್ಣಿಗೇ ಕಾಣುತ್ತದೆ. ಕಾಣದೇ ಮೋಸ ಮಾಡುವುದು ಉಂಗುರದಂಥ ಪ್ಯಾಕಿಂಗ್ ಇರುವ ಗುಂಡು ಜಾಯಿಂಟ್. ಅದರ ಬೋಲ್ಟಿಗೆ ಸ್ಪ್ರಿಂಗ್ ಇರುತ್ತದೆ, ಜಾಯಿಂಟ್ ಅಲುಗಾಡಲಿ ಅಂತಲೇ ಇಟ್ಟದ್ದು. ಸ್ಪ್ರಿಂಗ್ ಬಿಸಾಕಿ ಮಾಮೂಲಿ ನಟ್-ಬೋಲ್ಟ್ ಹಾಕಿದರೆ ಅದರ ಉದ್ದೇಶವೇ ಹಾಳು. ಇನ್ನು ಸಂದು ಕಂಡಲ್ಲೆಲ್ಲ ಕೆಂಪು ಸಿಲಿಕಾನ್ ಬಳಿಯುವ ಚಟ ಕೆಲವರಿಗಿದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಎಂಜಿನ್ ಕಡೆಗಿರುವ ಭಾಗದಲ್ಲಂತೂ ಅದು ಬೇಡವೇ ಬೇಡ, ಸಿಲಿಕಾನ್ ಆವಿ ಸೆನ್ಸರ್ ಕೆಡಿಸುತ್ತದೆ. ಅಲ್ಲಿ ಲೀಕ್ ಇದ್ದರೂ ತೊಂದರೆಯೇ. ಹೊರಗಿನ ಗಾಳಿ ಒಳಗೆ ಸೇರಿ, ಸೆನ್ಸರ್ ಪೆಟ್ರೋಲ್ ಕಡಿಮೆಯಾಯಿತು ಅಂತ ತಿಳಿದು, ಇಸಿಯು ಸುಮ್ನೆ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ.

ಡಬ್ಬಿಯನ್ನು ಒಮ್ಮೆ ಬೋರಲು ಹಾಕಿ ನೋಡಿ. ಬಹಳಷ್ಟು ಡಬ್ಬಿಗಳಲ್ಲಿ ಒಂದು ಸಣ್ಣ ತೂತು ಇರುತ್ತದೆ. ಡಿಫೆಕ್ಟ್ ಅಂತ ಮುಚ್ಚಿಸಬೇಡಿ ಮತ್ತೆ! ಅದು ನೀರು ಹೋಗುವ ದಾರಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಹೊರಬರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬರೀ ಮಾರ್ಕೆಟ್ಟಿಗೆ ಹೋಗಿ ಬರುವ ಕಾರಿನಲ್ಲಿ ಡಬ್ಬಿ ಸರಿಯಾಗಿ ಕಾಯುವುದೇ ಇಲ್ಲ, ನೀರು ಒಳಗೇ ನಿಲ್ಲುತ್ತದೆ. ಯಾವ ಕಾರಿಗಾದರೂ ಹಾಕಲಿ ಅಂತ ಮಾಡಿದ ಯೂನಿವರ್ಸಲ್ ಡಬ್ಬಿಯನ್ನು ತಲೆಕೆಳಗಾಗಿ ಕೂರಿಸಿದರೆ ತೂತು ಮೇಲೆ ಬರುತ್ತದೆ, ಒಳಗಿನಿಂದಲೇ ತುಕ್ಕು ಶುರು. ನಿಮ್ಮ ಹಳೆಯದು ಹೋದದ್ದೂ ಹೀಗೇ ಇರಬಹುದು.

ಕಾನೂನಿನ ಮಾತು ಚಿಕ್ಕದಾಗಿ. ಸದ್ದು ಮತ್ತು ಹೊಗೆಯ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ 10,000 ರೂಪಾಯಿವರೆಗೆ ದಂಡ ಬೀಳಬಹುದು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಬರೀ ಪೈಪ್ ಹಾಕೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ.

ಕೆಲಸ ಮುಗಿದ ಮೇಲೆ ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ ಸ್ಟಾರ್ಟ್ ಮಾಡಿ ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಅಲ್ಲಿ ಲೀಕ್. ಸೀಟಿನ ಕೆಳಗೆ ಲೀಕ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರಬಹುದು, ಅದಕ್ಕೆ ವಾಸನೆಯೂ ಇಲ್ಲ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನಟ್ ಬಿಗಿ ಮಾಡಿಸಿ.

ಅಂದಹಾಗೆ, ಆನ್‌ಲೈನ್ ಡಬ್ಬಿಯನ್ನು ವಾಪಸ್ ಕಳಿಸುವ ಅವಧಿ ಇನ್ನೂ ಇದೆಯಾ ನೋಡಿಕೊಳ್ಳಿ. ಹಳೆ ಪೈಪಿನ ಅಳತೆ ಬೇರೆಯೇ ಬಂದರೆ ಇವತ್ತೇ ವಾಪಸ್ ಕಳಿಸಿ. ಒಂದು ಸಲ ವೆಲ್ಡಿಂಗ್ ಕಿಡಿ ಬಿದ್ದ ಮೇಲೆ ಅದನ್ನು ಯಾರೂ ವಾಪಸ್ ತಗೊಳ್ಳಲ್ಲ.