ದೆವ್ವದ ಸಿನಿಮಾದಲ್ಲಿ ಅದು ಮೊದಲೇ ಇತ್ತಾ, ನಾವೇ ಹುಡುಕಿಕೊಂಡ್ವಾ?

ಪ್ರಶ್ನೆ: ‘ಸ್ಕ್ರೀಮ್, ಕ್ವೀನ್!’ ಡಾಕ್ಯುಮೆಂಟರಿಯನ್ನು ಮನೆಯಲ್ಲಿ ನೋಡಿದೆ. ಹಳೇ ಹಾರರ್ ಸಿನಿಮಾಗಳ ಹೊಟ್ಟೆಯಲ್ಲಿ ಸಲಿಂಗಿಗಳ ಕಥೆ ಅಡಗಿದೆ ಅಂತಾರೆ. ನಿಜವಾಗ್ಲೂ ಅದು ಅಲ್ಲಿತ್ತಾ? ಇಲ್ಲ ಈಗಿನವರು ಸುಮ್ನೆ ಹುಡುಕಿ ಹುಡುಕಿ ಅರ್ಥ ಕಟ್ಟುತ್ತಿದ್ದಾರಾ?

ಉತ್ತರ: ಇತ್ತು. ತುಂಬ ಕಡೆ ಬೇಕಂತಲೇ ಇಟ್ಟಿದ್ದರು. ಕೆಲವು ಕಡೆ ಇಟ್ಟವರೇ ಆಮೇಲೆ ಇಲ್ಲ ಅಂದರು. ಹಾಗೆ ಇಲ್ಲ ಅಂದಿದ್ದರಿಂದ ಒಬ್ಬ ನಟನ ಬದುಕು ಹೇಗೆ ದಾರಿ ತಪ್ಪಿತು ಅನ್ನೋದೇ ನೀವು ನೋಡಿದ ಡಾಕ್ಯುಮೆಂಟರಿ. ಈ ಪ್ರಶ್ನೆ ನನಗೆ ಬಹಳ ಸಲ ಬಂದಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಹಿಂದಕ್ಕೆ ಹೋಗೋಣ. ಹಾಲಿವುಡ್‌ನಲ್ಲಿ ಹೇಸ್ ಕೋಡ್ ಅಂತ ಒಂದು ನಿಯಮಾವಳಿ ಇತ್ತು, ಸಿನಿಮಾದಲ್ಲಿ ಏನು ತೋರಿಸಬಹುದು, ಏನು ತೋರಿಸಬಾರದು ಅಂತ. ಬರೆದಿದ್ದು 1930ರಲ್ಲಿ. ಬಿಗಿಯಾಗಿ ಜಾರಿಗೆ ಬಂದಿದ್ದು 1934ರಲ್ಲಿ, ಜೋಸೆಫ್ ಬ್ರೀನ್ ಅನ್ನುವವರು ಅದನ್ನು ಜಾರಿ ಮಾಡುವ ಆಫೀಸಿನ ಕುರ್ಚಿಯಲ್ಲಿ ಕೂತ ಮೇಲೆ. 1968ರಲ್ಲಿ ರೇಟಿಂಗ್ ಪದ್ಧತಿ ಬರುವವರೆಗೂ ಅದೇ ಕಾನೂನು. ‘ಲೈಂಗಿಕ ವಿಕೃತಿ’ಯನ್ನು ತೋರಿಸಬಾರದು, ಅದರ ಸುಳಿವು ಕೂಡ ಕೊಡಬಾರದು ಅಂತ ಅದರಲ್ಲಿ ಒಂದು ಸಾಲು. ಸಲಿಂಗ ಪ್ರೀತಿಯನ್ನು ಆಗ ಆ ಪಟ್ಟಿಗೇ ಸೇರಿಸುತ್ತಿದ್ದರು.

ಸುಳಿವು ಕೂಡ ಕೊಡಬಾರದು ಅಂದರೆ ಏನು ಮಾಡೋದು? ಅಡ್ಡಗೋಡೆಯ ಮೇಲೆ ದೀಪ ಇಡಬೇಕು. ಅದಕ್ಕೆ ದೆವ್ವದ ಕಥೆಗಿಂತ ಒಳ್ಳೇ ಗೋಡೆ ಬೇರೆ ಇರಲಿಲ್ಲ. ಊರವರಂತೆ ಇರದ ಒಬ್ಬ. ಹಗಲು ಒಂದು ಮುಖ, ರಾತ್ರಿ ಇನ್ನೊಂದು. ಮೈಯೊಳಗಿನ ಆಸೆಯನ್ನು ತಡೆಯಲಾಗದೆ ನರಳುವವನು. ಕೊನೆಗೆ ಪಂಜು ಹಿಡಿದು ಅಟ್ಟಿಸಿಕೊಂಡು ಬರುವ ಜನ. ಈ ಕಥೆಯನ್ನು ತೆರೆಯ ಮೇಲೆ ಕಂಡು ‘ಅರೆ, ಇದು ನನ್ನದೇ ಕಥೆ’ ಅಂದುಕೊಂಡ ಪ್ರೇಕ್ಷಕರು ಎಷ್ಟು ಜನ ಇದ್ದಿರಬೇಕು ಯೋಚಿಸಿ.

1931ರ ‘ಫ್ರಾಂಕೆನ್‌ಸ್ಟೈನ್’, 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಎರಡನ್ನೂ ನಿರ್ದೇಶಿಸಿದ್ದು ಜೇಮ್ಸ್ ವೇಲ್. ಅವರು ಸಲಿಂಗಿ. ಆ ಕಾಲದ ಹಾಲಿವುಡ್‌ನಲ್ಲಿ ಅದನ್ನು ಗುಟ್ಟು ಮಾಡದೆ ಬದುಕಿದ ಕೆಲವೇ ಮಂದಿಯಲ್ಲಿ ಒಬ್ಬರು. ಎರಡನೇ ಚಿತ್ರದಲ್ಲಿ ಒಂದು ದೃಶ್ಯ ಇದೆ, ಅದನ್ನು ದಯವಿಟ್ಟು ನೋಡಿ. ವಿಜ್ಞಾನಿ ಫ್ರಾಂಕೆನ್‌ಸ್ಟೈನ್ ಸೃಷ್ಟಿಸಿದ, ಎಲ್ಲರೂ ಓಡಿಸಿದ ಆ ರಾಕ್ಷಸ ಕಾಡಿನಲ್ಲಿರುವ ಒಂದು ಗುಡಿಸಲಿಗೆ ಬರುತ್ತಾನೆ. ಒಳಗೆ ಕುರುಡ ಮುದುಕ ಒಬ್ಬ ಪಿಟೀಲು ನುಡಿಸುತ್ತಿರುತ್ತಾನೆ. ಕಣ್ಣು ಕಾಣದ್ದರಿಂದ ಅವನಿಗೆ ಹೆದರಿಕೆ ಇಲ್ಲ. ಬಂದವನನ್ನು ಕೂರಿಸಿ ಊಟ ಕೊಡುತ್ತಾನೆ. ನನಗೂ ಒಬ್ಬ ಗೆಳೆಯನನ್ನು ಕೊಟ್ಟೆಯಲ್ಲ ಅಂತ ದೇವರಿಗೆ ಕೈಮುಗಿದು ಅಳುತ್ತಾನೆ. ರಾಕ್ಷಸನ ಕಣ್ಣಲ್ಲೂ ನೀರು. ಇಬ್ಬರೂ ಒಂದೇ ಮನೆಯಲ್ಲಿ ಸಂಸಾರದ ಹಾಗೆ ಇರುತ್ತಾರೆ. ಬ್ರೆಡ್ಡು, ವೈನು, ಚುಟ್ಟಾ, ಸಂಗೀತ. ‘ಗೆಳೆಯ’ ಅನ್ನೋ ಮಾತನ್ನು ರಾಕ್ಷಸ ಕಲಿಯೋದು ಅಲ್ಲೇ. ಆಮೇಲೆ ಬೇಟೆಗಾರರಿಬ್ಬರು ದಾರಿ ತಪ್ಪಿ ಒಳಗೆ ಬರುತ್ತಾರೆ, ನೋಡಿದ ಕೂಡಲೇ ಬಂದೂಕು ಎತ್ತುತ್ತಾರೆ. ಗುಡಿಸಲಿಗೆ ಬೆಂಕಿ ಬೀಳುತ್ತದೆ. ಇದು ಸಲಿಂಗಿಗಳ ಕಥೆ ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಬರೀ ದೆವ್ವದ ಕಥೆಗೆ ಈ ದೃಶ್ಯ ಬೇಕೇ ಇರಲಿಲ್ಲ, ಅಲ್ವಾ?

‘ನಾವೇ ಹುಡುಕಿಕೊಳ್ಳೋದು’ ಅನ್ನುವವರಿಗೆ ನಾನು ಕೊಡುವ ಗಟ್ಟಿ ಉದಾಹರಣೆ 1936ರ ‘ಡ್ರಾಕುಲಾಸ್ ಡಾಟರ್’. ಡ್ರಾಕುಲಾನ ಮಗಳು ತನ್ನ ‘ಕಾಯಿಲೆ’ಯಿಂದ ಪಾರಾಗಲು ಮನೋವೈದ್ಯರ ಹತ್ತಿರ ಹೋಗುತ್ತಾಳೆ. ಹೀಗಿರುವಾಗ ಒಂದು ರಾತ್ರಿ ಬಡ ಹುಡುಗಿಯೊಬ್ಬಳನ್ನು ಚಿತ್ರ ಬರೆಯೋಕೆ ಅಂತ ಕರೆಸುತ್ತಾಳೆ. ಭುಜದ ಮೇಲಿನ ಬಟ್ಟೆ ಸರಿಸು ಅನ್ನುತ್ತಾಳೆ. ಸುಮ್ಮನೆ ನೋಡುತ್ತಾ ನಿಲ್ಲುತ್ತಾಳೆ. ನಿಧಾನವಾಗಿ ಹತ್ತಿರ ಬರುತ್ತಾಳೆ. ಈ ದೃಶ್ಯದ ಬಗ್ಗೆ ಹುಷಾರಾಗಿರಿ ಅಂತ ಬ್ರೀನ್ ಆಫೀಸಿನವರು ಸ್ಟುಡಿಯೋಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಅಂದರೆ ಸೆನ್ಸಾರ್‌ನವರ ಕಣ್ಣಿಗೂ ಅದು ಬಿದ್ದಿತ್ತು. ಈಗಿನವರು ಹುಟ್ಟುವುದಕ್ಕೂ ಮುಂಚೆಯೇ!

ಇನ್ನು ನಿಮ್ಮ ಡಾಕ್ಯುಮೆಂಟರಿಯ ಕಥೆಗೆ ಬರ್ತೀನಿ. ನನಗೆ ಮನಸ್ಸಿಗೆ ಹತ್ತಿರವಾದ ಭಾಗ ಇದು.

ಆ ಡಾಕ್ಯುಮೆಂಟರಿಗೆ ಮೂಲವಾದ ಹಾರರ್ ಸಿನಿಮಾ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್ 2: ಫ್ರೆಡ್ಡೀಸ್ ರಿವೆಂಜ್’ ಅಮೆರಿಕದಲ್ಲಿ ಬಿಡುಗಡೆಯಾಗಿದ್ದು 1985ರ ನವೆಂಬರ್ 1ರಂದು. ನಿರ್ದೇಶಕ ಜ್ಯಾಕ್ ಶೋಲ್ಡರ್, ಚಿತ್ರಕಥೆ ಡೇವಿಡ್ ಚಾಸ್ಕಿನ್. ನಾಯಕ ಜೆಸ್ಸಿಯ ಪಾತ್ರದಲ್ಲಿ ಮಾರ್ಕ್ ಪ್ಯಾಟನ್. ಅದಕ್ಕೆ ಮೊದಲು ರಾಬರ್ಟ್ ಆಲ್ಟ್‌ಮನ್ ನಿರ್ದೇಶನದಲ್ಲಿ ಗಾಯಕಿ-ನಟಿ ಶೆರ್ ಅಂಥವರ ಜೊತೆ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕದಲ್ಲೂ ಅದರ ಸಿನಿಮಾದಲ್ಲೂ ನಟಿಸಿ ಬಂದಿದ್ದ ಹುಡುಗ. ಸಲಿಂಗಿ. ಅದನ್ನು ಮುಚ್ಚಿಟ್ಟೇ ಕೆಲಸ ಮಾಡಬೇಕಾದ ಕಾಲ.

ಕಥೆ ಇಷ್ಟು. ಫ್ರೆಡ್ಡಿ ಅನ್ನೋ ಸುಟ್ಟ ಮುಖದ ಪಿಶಾಚಿ ಜೆಸ್ಸಿಯ ಮೈಯೊಳಗಿಂದ ಹೊರಗೆ ಬರೋಕೆ ನೋಡುತ್ತಾನೆ. ಈಗ ದೃಶ್ಯಗಳನ್ನು ಒಂದೊಂದಾಗಿ ನೋಡಿ. ಜೆಸ್ಸಿ ರಾತ್ರಿ ಮನೆಯಿಂದ ಹೊರಬಿದ್ದು ಒಂದು ಬಾರ್‌ಗೆ ಹೋಗುತ್ತಾನೆ. ಅಲ್ಲಿ ಅವನ ಸ್ಕೂಲಿನ ಕೋಚ್ ಚರ್ಮದ ಉಡುಪು ಹಾಕಿಕೊಂಡು ನಿಂತಿರುತ್ತಾನೆ. ಆ ಕೋಚ್ ಇವನನ್ನು ರಾತ್ರೋರಾತ್ರಿ ಸ್ಕೂಲಿನ ಜಿಮ್‌ಗೆ ಕರೆತಂದು ಓಡಿಸುತ್ತಾನೆ, ಆಮೇಲೆ ಶವರ್‌ಗೆ ಕಳಿಸುತ್ತಾನೆ. ಕೋಚ್ ಸಾಯುವುದೂ ಅಲ್ಲೇ. ಸ್ಕಿಪ್ಪಿಂಗ್ ಹಗ್ಗಗಳು ತಾವಾಗೇ ಬಂದು ಅವನ ಕೈ ಕಟ್ಟುತ್ತವೆ, ಟವೆಲ್‌ಗಳು ಹಿಂಭಾಗಕ್ಕೆ ಬಾರಿಸುತ್ತವೆ.

ಮುಂದೆ ಒಂದು ಪಾರ್ಟಿ. ಗೆಳತಿ ಲೀಸಾ ಜೆಸ್ಸಿಗೆ ಮುತ್ತು ಕೊಡುತ್ತಾಳೆ. ಅವನ ಮೈಯೊಳಗಿನ ರಾಕ್ಷಸ ಎದ್ದುಬಿಡುತ್ತಾನೆ. ಜೆಸ್ಸಿ ಹೆದರಿ ಅವಳನ್ನು ಬಿಟ್ಟು ಓಡುತ್ತಾನೆ. ಎಲ್ಲಿಗೆ? ಸೀದಾ ಗೆಳೆಯ ಗ್ರೇಡಿಯ ಬೆಡ್‌ರೂಮಿಗೆ. ನನ್ನೊಳಗೆ ಏನೋ ಹೊಕ್ಕಿದೆ, ನಾನು ಇಲ್ಲೇ ಮಲಗ್ತೀನಿ, ನೀನು ಕಾವಲಿರು ಅನ್ನುತ್ತಾನೆ. ಅಲ್ಲಿ ಹುಡುಗಿ ನಿನಗೆ ಕಾಯ್ತಿದ್ದಾಳೆ, ನೀನು ನೋಡಿದ್ರೆ ಇಲ್ಲಿ ಬಂದು ಮಲಗ್ತೀನಿ ಅಂತೀಯಲ್ಲ ಮಾರಾಯ ಅನ್ನೋ ಅರ್ಥದಲ್ಲಿ ಗ್ರೇಡಿ ಕೇಳುತ್ತಾನೆ. ಆ ಮಾತು ಚಿತ್ರದಲ್ಲೇ ಇದೆ. ಕೊನೆಗೆ ಲೀಸಾ ಆ ಸುಟ್ಟ ಮುಖದ ಫ್ರೆಡ್ಡಿಗೇ ಮುತ್ತು ಕೊಟ್ಟು, ಒಳಗಿರುವ ಜೆಸ್ಸಿಯನ್ನು ವಾಪಸ್ ಕರೆಯುತ್ತಾಳೆ. ಫ್ರೆಡ್ಡಿ ಉರಿದು ಹೋಗುತ್ತಾನೆ. ಹುಡುಗಿಯ ಮುತ್ತಿನಿಂದ ಹುಡುಗ ‘ಸರಿ’ಯಾಗುತ್ತಾನೆ. ಎಷ್ಟು ಹುಡುಗರಿಗೆ ಮನೆಯವರು ಇದೇ ಮದ್ದು ಹೇಳಿದ್ದಾರೋ, ನೆನೆದರೆ ಹೊಟ್ಟೆ ಕಿವುಚುತ್ತದೆ.

ಇಷ್ಟೆಲ್ಲ ತೆರೆಯ ಮೇಲಿದ್ದರೂ ಚಾಸ್ಕಿನ್ ವರ್ಷಗಟ್ಟಲೆ ಏನು ಹೇಳಿದರು ಗೊತ್ತಾ? ನಾನು ಹಾಗೆ ಬರೆದಿಲ್ಲ, ಪ್ಯಾಟನ್ ನಟಿಸಿದ ರೀತಿಯಿಂದ ಹಾಗೆ ಕಾಣುತ್ತದೆ ಅಂತ. ನಟನ ತಲೆಯ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಂಡರು. ನಿರ್ದೇಶಕ ಶೋಲ್ಡರ್ ತಮಗೆ ಆಗ ಅದು ಹೊಳೆದೇ ಇರಲಿಲ್ಲ ಅನ್ನುತ್ತಾರೆ.

ಇದರ ಏಟು ಗೊತ್ತಾಗಬೇಕಾದರೆ ಆ ದಿನಗಳನ್ನು ನೆನಪಿಸಿಕೊಳ್ಳಬೇಕು. ಪ್ರಸಿದ್ಧ ನಟ ರಾಕ್ ಹಡ್ಸನ್ ಏಡ್ಸ್‌ನಿಂದ ತೀರಿಕೊಂಡಿದ್ದು 1985ರ ಅಕ್ಟೋಬರ್ 2ರಂದು. ಈ ಚಿತ್ರ ಬಂದಿದ್ದು ಹೆಚ್ಚುಕಡಿಮೆ ಒಂದು ತಿಂಗಳಿಗೆ. ಸಲಿಂಗಿ ನಟ ಅಂತ ಗೊತ್ತಾದರೆ ಜೊತೆಗೆ ನಟಿಸೋಕೂ ಜನ ಹಿಂಜರಿಯುತ್ತಿದ್ದ ಹೊತ್ತು. ಆಗ ಒಬ್ಬ ಹೊಸ ನಾಯಕನ ಬಗ್ಗೆ ‘ಇವನಿಂದಲೇ ಸಿನಿಮಾ ಹಾಗಾಯ್ತು’ ಅನ್ನುವುದು ಅಂದರೆ ಬರೀ ಟೀಕೆ ಅಲ್ಲ, ಅವನ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ಪ್ಯಾಟನ್ ನಟನೆ ಬಿಟ್ಟು ಹೊರಟುಹೋದರು. ಅವರ ಸಂಗಾತಿಯಾಗಿದ್ದ ನಟ ಟಿಮತಿ ಪ್ಯಾಟ್ರಿಕ್ ಮರ್ಫಿ 1988ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಪ್ಯಾಟನ್ ಅವರಿಗೂ ಎಚ್‌ಐವಿ ಇರುವುದು ಮುಂದೆ ಗೊತ್ತಾಯಿತು. ಅದನ್ನು ಅವರೇ ಎಲ್ಲರೆದುರು ಹೇಳಿಕೊಂಡಿದ್ದಾರೆ. ಕೊನೆಗೆ ಮೆಕ್ಸಿಕೋದಲ್ಲಿ ನೆಲೆ ನಿಂತರು. ಎಲ್ಮ್ ಸ್ಟ್ರೀಟ್ ಸರಣಿಯ ಬಗ್ಗೆ 2010ರಲ್ಲಿ ಬಂದ ‘ನೆವರ್ ಸ್ಲೀಪ್ ಅಗೇನ್’ ಅನ್ನೋ ದೊಡ್ಡ ಡಾಕ್ಯುಮೆಂಟರಿಯ ತಂಡ ಅವರನ್ನು ಹುಡುಕಿ ತೆಗೆಯಬೇಕಾಯಿತು. ಅದೇ ಡಾಕ್ಯುಮೆಂಟರಿಯಲ್ಲಿ ಚಾಸ್ಕಿನ್ ಕಡೆಗೂ ಒಪ್ಪಿಕೊಂಡರು, ಹೌದು, ನಾನು ಬೇಕಂತಲೇ ಬರೆದೆ ಅಂತ. ಚಿತ್ರ ಬಂದು ಇಪ್ಪತ್ತೈದು ವರ್ಷ ಆಗಿತ್ತು.

‘ಸ್ಕ್ರೀಮ್, ಕ್ವೀನ್!’ ಇದರ ಮುಂದಿನ ಕಥೆ. ನಿರ್ದೇಶಕರು ರೋಮನ್ ಕಿಮಿಯೆಂಟಿ ಮತ್ತು ಟೈಲರ್ ಜೆನ್ಸನ್. 2019ರಲ್ಲಿ ಚಿತ್ರೋತ್ಸವಗಳಲ್ಲಿ ಓಡಾಡಿ ಮರುವರ್ಷ ಮನೆಗಳಿಗೆ ಬಂತು. ಪ್ಯಾಟನ್ ಊರೂರು ಸುತ್ತಿ ಅಭಿಮಾನಿಗಳನ್ನು ಭೇಟಿಯಾಗುವುದು, ಒಂದು ಕಾಲದಲ್ಲಿ ಜನ ಗೇಲಿ ಮಾಡಿದ ಪಾತ್ರವೇ ತಮ್ಮನ್ನು ಕಾಪಾಡಿತು ಅಂತ ಹುಡುಗರು ಬಂದು ಅವರಿಗೆ ಹೇಳುವುದು, ಇದೆಲ್ಲ ಇದೆ. ಆದರೆ ಚಿತ್ರದ ಜೀವ ಇರುವುದು ಪ್ಯಾಟನ್ ಮತ್ತು ಚಾಸ್ಕಿನ್ ಎದುರುಬದುರು ಕೂತ ದೃಶ್ಯದಲ್ಲಿ. ಇಷ್ಟು ವರ್ಷ ಮನಸ್ಸಿನಲ್ಲೇ ಜಗಳ ಆಡಿಕೊಂಡು ಬಂದ ಮನುಷ್ಯ, ಆ ಹೊತ್ತು ಬಂದಾಗ ದನಿ ಎತ್ತುವುದಿಲ್ಲ. ನನಗೆ ನೋವಾಗಿದೆ ಅನ್ನೋದನ್ನು ಒಪ್ಪಿಕೋ ಅನ್ನುವಷ್ಟೇ ಅವರ ಕೋರಿಕೆ. ನಾನು ಆ ದೃಶ್ಯವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ಮಾತಿಗಿಂತ ಜಾಸ್ತಿ ಮಾತಿನ ನಡುವಿನ ಮೌನವನ್ನು ನೋಡಿದೆ.

ಹೀಗೆ ಹಿಂದಕ್ಕೆ ತಿರುಗಿಸುವುದು ಅಂದೆನಲ್ಲ, ನಿಮ್ಮ ಪ್ರಶ್ನೆಗೆ ಇನ್ನರ್ಧ ಉತ್ತರ ಅಲ್ಲಿದೆ. ಥಿಯೇಟರ್‌ನಲ್ಲಿ ದೃಶ್ಯ ಒಂದು ಸಲ ಬಂದು ಹೋಗುತ್ತದೆ. ಅಕ್ಕಪಕ್ಕದವರು ನಕ್ಕರೆ ನಾವೂ ನಗುತ್ತೇವೆ. ಎಂಬತ್ತರ ದಶಕದಲ್ಲಿ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಮನೆಮನೆಗೆ ಬಂದ ಮೇಲೆ ಅದು ಬದಲಾಯಿತು. ಬಾಗಿಲು ಹಾಕಿಕೊಂಡು ಒಬ್ಬರೇ ನೋಡಬಹುದಿತ್ತು. ನಿಲ್ಲಿಸಬಹುದಿತ್ತು. ಮತ್ತೆ ನೋಡಬಹುದಿತ್ತು. ಯಾರಿಗೂ ಹೇಳಿಕೊಳ್ಳಲಾಗದ ವಿಷಯವನ್ನು ಎದೆಯಲ್ಲಿಟ್ಟುಕೊಂಡ ಹದಿನಾರು ವರ್ಷದ ಹುಡುಗ ಜೆಸ್ಸಿಯನ್ನು ಹಾಗೆ ನೋಡಿದಾಗ, ಅವನು ಇಲ್ಲದ್ದನ್ನು ಕಟ್ಟುತ್ತಿರಲಿಲ್ಲ. ಬೇರೆಯವರು ನಕ್ಕು ದಾಟಿಸಿದ್ದನ್ನು ಅವನು ನಿಂತು ನೋಡಿದ.

ನನ್ನದೇ ಅನುಭವ ಹೇಳ್ತೀನಿ. ‘ಫ್ರೆಡ್ಡೀಸ್ ರಿವೆಂಜ್’ ಮೊದಲ ಸಲ ನೋಡಿದಾಗ ನನಗೆ ಏನೂ ಹೊಳೆಯಲಿಲ್ಲ. ಮೊದಲ ಭಾಗದಷ್ಟು ಚೆನ್ನಾಗಿಲ್ಲ ಅಂತ ಎದ್ದುಹೋಗಿದ್ದೆ. ಪ್ಯಾಟನ್ ಕಥೆ ಗೊತ್ತಾದ ಮೇಲೆ ಮತ್ತೆ ಹಾಕಿದೆ. ಗ್ರೇಡಿಯ ಬೆಡ್‌ರೂಮಿನ ದೃಶ್ಯದಲ್ಲಿ ಜೆಸ್ಸಿಯ ಮುಖದ ಮೇಲಿರುವ ಭಯ ದೆವ್ವದ ಭಯ ಅಂತ ಈಗ ಅನ್ನಿಸುವುದೇ ಇಲ್ಲ. ತನಗೆ ತಾನೇ ಹೆದರಿದವನ ಮುಖ ಅದು.

ಒಂದು ಮಾತು ಸೇರಿಸಲೇಬೇಕು. ಇದೆಲ್ಲ ಬರೀ ಚೆಂದದ ಕಥೆ ಅಲ್ಲ. ಹಾರರ್ ಸಿನಿಮಾ ಕ್ವಿಯರ್ ಜನರಿಗೆ, ಅಂದರೆ ಸಲಿಂಗಿಗಳು, ಟ್ರಾನ್ಸ್ ಜನ ಮುಂತಾದವರಿಗೆ, ಆಸರೆಯಾದಷ್ಟೇ ಗಾಯವನ್ನೂ ಮಾಡಿದೆ. 1991ರ ‘ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್’ ಕೊಲೆಗಾರನ ಪಾತ್ರದ ವಿರುದ್ಧ ಆಗಲೇ ಪ್ರತಿಭಟನೆಗಳಾದವು. ಹೆಣ್ಣಿನ ಬಟ್ಟೆ ಹಾಕುವ ಗಂಡು ಅಂದರೆ ಕೊಲೆಗಡುಕ ಅನ್ನೋ ಚಿತ್ರ ಟ್ರಾನ್ಸ್ ಜನರ ತಲೆಗೆ ಕಟ್ಟಿದ ಕಳಂಕ ಇನ್ನೂ ತೊಳೆದುಹೋಗಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡಬೇಕು. ಪೂರ್ತಿ ಚರಿತ್ರೆ ಬೇಕಂದರೆ 2022ರಲ್ಲಿ ಬಂದ ನಾಲ್ಕು ಕಂತಿನ ‘ಕ್ವಿಯರ್ ಫಾರ್ ಫಿಯರ್’ ಸರಣಿ ನೋಡಿ. ಹಾರರ್ ಮಾತ್ರ ಅಲ್ಲದೆ ಇಡೀ ಹಾಲಿವುಡ್ ಬೇಕಂದರೆ 1995ರ ‘ದ ಸೆಲ್ಯುಲಾಯ್ಡ್ ಕ್ಲಾಸೆಟ್’. ವಿಟೋ ರುಸ್ಸೊ 1981ರಲ್ಲಿ ಬರೆದ ಪುಸ್ತಕದಿಂದ ಹುಟ್ಟಿದ್ದು ಅದು.

ಕೆಲವರು ಡಿಸ್ಕ್ ತಗೊಳ್ಳಬೇಕಾ, ಸ್ಟ್ರೀಮಿಂಗ್ ಸಾಕಾ ಅಂತಲೂ ಕೇಳುತ್ತಾರೆ. ಸ್ಟ್ರೀಮಿಂಗ್‌ನಲ್ಲಿ ಇವತ್ತು ಇದ್ದದ್ದು ಹಕ್ಕಿನ ಅವಧಿ ಮುಗಿದರೆ ನಾಳೆ ಇರುವುದಿಲ್ಲ. ಇಂಥ ಸಣ್ಣ ಡಾಕ್ಯುಮೆಂಟರಿಗಳು ಹೋದರೆ ಯಾರೂ ಗದ್ದಲ ಮಾಡುವುದೂ ಇಲ್ಲ. ಹಾಗಾಗಿ ಇಷ್ಟವಾದದ್ದು ಕಪಾಟಿನಲ್ಲಿರಲಿ ಅನ್ನೋದು ನನ್ನ ಆಸೆ. ಬ್ಲೂ-ರೇ ಡಿಸ್ಕ್‌ಗಳಿಗೆ ಎ, ಬಿ, ಸಿ ಅಂತ ಮೂರು ರೀಜನ್, ಅಂದರೆ ಪ್ರದೇಶಗಳು ಇವೆ, ಅಮೆರಿಕದ್ದು ಎ. ನಿಮ್ಮ ಪ್ಲೇಯರ್‌ಗೆ ಅದು ಓಡುತ್ತದಾ ಅಂತ ನೋಡಿಕೊಂಡು ತಗೊಳ್ಳಿ.

ನೀವು ಡಾಕ್ಯುಮೆಂಟರಿ ನೋಡಿಯಾಗಿದೆ. ಈಗ ‘ಫ್ರೆಡ್ಡೀಸ್ ರಿವೆಂಜ್’ ಹಾಕಿ. ಜೆಸ್ಸಿ ತನ್ನ ರೂಮಿನಲ್ಲಿ ಒಬ್ಬನೇ ಕುಣಿಯುವ ದೃಶ್ಯ ಬರುತ್ತದೆ. ಪೆಟ್ಟಿಗೆಗಳನ್ನು ಖಾಲಿ ಮಾಡುವಾಗ ಹಾಡು ಹಾಕಿಕೊಂಡು, ಡ್ರಾಯರನ್ನು ಸೊಂಟದಿಂದ ತಳ್ಳಿ ಮುಚ್ಚುತ್ತಾನೆ. ಜನ ಪ್ಯಾಟನ್ ಅವರನ್ನು ಜಾಸ್ತಿ ಗೇಲಿ ಮಾಡಿದ್ದು ಇದಕ್ಕೇ. ಬಾಗಿಲು ತೆಗೆದು ಅಮ್ಮನೂ ಲೀಸಾನೂ ಒಳಗೆ ಬರುತ್ತಾರಲ್ಲ, ಅದಕ್ಕೆ ಒಂದು ಕ್ಷಣ ಮುಂಚೆ ನಿಲ್ಲಿಸಿ ಅವನ ಮುಖ ನೋಡಿ. ಇಡೀ ಚಿತ್ರದಲ್ಲಿ ಅವನು ಅಷ್ಟು ಹಗುರಾಗಿ ಇರುವುದು ಅಲ್ಲಿ ಮಾತ್ರ.