ಒಂದೇ ನೋಟು ಎರಡಾದ ಕಥೆ: ಜೊತೆಯಾಗಿ ಗೆದ್ದವರು ದೂರವಾದದ್ದು ಹೇಗೆ?

ಶೀತಲ ಸಮರ ಯಾವಾಗ ಶುರುವಾಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿನ ಹೇಳುತ್ತಾರೆ. ಕೆಲವರಿಗೆ ಅದು 1946ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಚರ್ಚಿಲ್, ಯುರೋಪಿನ ನಡುವೆ 'ಕಬ್ಬಿಣದ ಪರದೆ' ಇಳಿದಿದೆ ಎಂದು ಮಾಡಿದ ಭಾಷಣ. ಕೆಲವರಿಗೆ ಕಮ್ಯುನಿಸಂ ಹರಡದಂತೆ ತಡೆಯುವ ಅಮೆರಿಕದ 1947ರ ಟ್ರೂಮನ್ ನೀತಿ. ಇನ್ನು ಕೆಲವರು ಹಿರೋಶಿಮಾದಿಂದಲೇ ಎಣಿಸುತ್ತಾರೆ. ಹಿಟ್ಲರ್‌ನನ್ನು ಒಟ್ಟಾಗಿ ಸೋಲಿಸಿದ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮೂರೇ ವರ್ಷದಲ್ಲಿ ಎದುರುಬದುರಾಗಿ ನಿಂತದ್ದು ಹೇಗೆ? ಜರ್ಮನಿಯ ನೋಟಿನ ಜಾಡು ಹಿಡಿದು ಹೋದರೆ ಈ ಗೋಜಲು ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಗೆದ್ದವರು ಕಿತ್ತಾಡುವುದು ಹೊಸದೇನಲ್ಲ. ನೆಪೋಲಿಯನ್‌ನನ್ನು ಇಳಿಸಿ ವರ್ಷ ತುಂಬುವ ಮೊದಲೇ, 1815ರ ಜನವರಿಯಲ್ಲಿ, ಬ್ರಿಟನ್ ಮತ್ತು ಆಸ್ಟ್ರಿಯಾ ಸೋತ ಫ್ರಾನ್ಸನ್ನೇ ಸೇರಿಸಿಕೊಂಡು ರಷ್ಯಾ, ಪ್ರಷ್ಯಾ ವಿರುದ್ಧ ಗುಟ್ಟಾಗಿ ಒಪ್ಪಂದ ಮಾಡಿಕೊಂಡವು. 1864ರಲ್ಲಿ ಡೆನ್ಮಾರ್ಕನ್ನು ಒಟ್ಟಿಗೆ ಸೋಲಿಸಿದ ಆಸ್ಟ್ರಿಯಾ, ಪ್ರಷ್ಯಾ 1866ರಲ್ಲಿ ತಮ್ಮತಮ್ಮಲ್ಲೇ ಯುದ್ಧ ಮಾಡಿದವು.

ಎರಡನೇ ಮಹಾಯುದ್ಧದಲ್ಲೂ ಕಷ್ಟದ ಮಾತುಗಳನ್ನೆಲ್ಲ ಮುಂದೂಡುತ್ತಾ ಬಂದರು. ಪೋಲೆಂಡಿನ ಸರ್ಕಾರ ಯಾರದ್ದು? ಜರ್ಮನಿಯಿಂದ ಎಷ್ಟು ಪರಿಹಾರ ವಸೂಲು ಮಾಡಬೇಕು? ಯುದ್ಧ ಮುಗೀಲಿ, ಆಮೇಲೆ ನೋಡೋಣ ಎಂದಾಯಿತು. ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡ ಸೋವಿಯತ್ ಒಕ್ಕೂಟಕ್ಕೆ, ಪಶ್ಚಿಮದ ಮಿತ್ರರು ಫ್ರಾನ್ಸಿನಲ್ಲಿ ಜರ್ಮನಿಯ ವಿರುದ್ಧ ಎರಡನೇ ರಣರಂಗವನ್ನು 1944ರ ಜೂನ್‌ವರೆಗೂ ತೆರೆಯಲಿಲ್ಲ ಎಂಬ ಕೊರಗಿತ್ತು. ಪೋಲೆಂಡಿನಲ್ಲಿ ಚುನಾವಣೆ ನಡೆಸುತ್ತೇವೆಂದು ಸೋವಿಯತ್ ಕೊಟ್ಟ ಮಾತು ಉಳಿಯುತ್ತಿಲ್ಲ ಎಂಬ ಅನುಮಾನ ಪಶ್ಚಿಮದವರಿಗಿತ್ತು. 1945ರ ಫೆಬ್ರುವರಿಯಲ್ಲಿ ಮೂರೂ ದೇಶಗಳ ನಾಯಕರು ಯಾಲ್ಟಾದಲ್ಲಿ ಸೇರಿ ಪೋಲೆಂಡಿನ ಬಗ್ಗೆ ದಿನಗಟ್ಟಲೆ ಮಾತಾಡಿದರು. ಆದರೆ ಆ ಮೇಜಿನ ಮುಂದೆ ಪೋಲೆಂಡಿನ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ನೋಟಿನ ವಿಷಯ. ತಾವು ಗೆದ್ದುಕೊಂಡ ಜರ್ಮನಿಯಲ್ಲಿ ಎಲ್ಲ ಸೈನ್ಯಗಳೂ ಒಂದೇ ನೋಟು ಬಳಸಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಅದಕ್ಕಾಗಿ 1944ರಲ್ಲಿ ಅಮೆರಿಕ ನೋಟು ಅಚ್ಚು ಮಾಡುವ ಪ್ಲೇಟುಗಳ ನಕಲನ್ನು ಸೋವಿಯತ್ತಿಗೆ ಕೊಟ್ಟಿತು. ಇದಕ್ಕಿಂತ ದೊಡ್ಡ ನಂಬಿಕೆ ಇರುತ್ತಾ? ಯುದ್ಧ ಮುಗಿದ ಮೇಲೆ, ಬಾಕಿ ಉಳಿದಿದ್ದ ಸಂಬಳ ಸೋವಿಯತ್ ಸೈನಿಕರಿಗೆ ಇದೇ ನೋಟಿನಲ್ಲಿ ಬಂತು. ಊರಿಗೆ ಒಯ್ದರೆ ಅದು ನಡೆಯುವುದಿಲ್ಲ. ಹಾಗಾಗಿ ಬರ್ಲಿನ್ನಿನಲ್ಲಿ ಅಮೆರಿಕದ ಸೈನಿಕರಿಂದ ವಾಚುಗಳನ್ನು ದುಬಾರಿ ಬೆಲೆಗೆ ಕೊಂಡರು. ಅಮೆರಿಕದವರು ಆ ನೋಟನ್ನು ಡಾಲರ್ ಮಾಡಿಸಿ ಮನೆಗೆ ಕಳಿಸಿದರು. ನೋಟು ಜಾಸ್ತಿಯಾಯಿತು, ಸಾಮಾನು ಇರಲಿಲ್ಲ. ಜರ್ಮನರಿಗೆ ಸಿಗರೇಟೇ ದುಡ್ಡಾಯಿತು.

ಹೊಸ ನೋಟು ಬೇಕು ಎನ್ನುವುದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಎಲ್ಲಿ ಅಚ್ಚು ಹಾಕುವುದು ಎಂಬಲ್ಲಿ ಮಾತು ನಿಂತಿತು. ಬರ್ಲಿನ್ನಿನಲ್ಲೇ, ಎಲ್ಲರ ಕಣ್ಣೆದುರಿಗೆ ಆಗಲಿ ಎಂದಿತು ಅಮೆರಿಕ. ಲೈಪ್‌ಜಿಗ್‌ನಲ್ಲೂ ಒಂದಷ್ಟು ಆಗಲಿ ಎಂದಿತು ಸೋವಿಯತ್. ಲೈಪ್‌ಜಿಗ್ ಇದ್ದದ್ದು ಸೋವಿಯತ್ ವಲಯದಲ್ಲಿ; ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಯುದ್ಧದ ನಂತರ ಜರ್ಮನಿಯನ್ನು ನಾಲ್ಕು ವಲಯಗಳಾಗಿ ಹಂಚಿಕೊಂಡಿದ್ದವು. ಸೋವಿಯತ್ತಿಗೆ ಬೇಕಾದಷ್ಟು ನೋಟು ಅಚ್ಚು ಹಾಕಲು ಬಿಟ್ಟಿದ್ದ ಹಳೆಯ ಪ್ಲೇಟುಗಳ ನೆನಪು ಇನ್ನೂ ಮಾಸಿರಲಿಲ್ಲ. ಒಂದು ಕಡೆಯ ಭಯ ಇನ್ನೊಂದು ಕಡೆಗೆ ಕುತಂತ್ರದಂತೆ ಕಂಡಿತು ಅಂತ ನನಗನಿಸುತ್ತದೆ.

1948ರ ಮಾರ್ಚ್‌ನಲ್ಲಿ ಜರ್ಮನಿಯನ್ನು ನೋಡಿಕೊಳ್ಳುತ್ತಿದ್ದ ನಾಲ್ಕು ದೇಶಗಳ ನಿಯಂತ್ರಣ ಮಂಡಳಿಯಿಂದ ಸೋವಿಯತ್ ಹೊರನಡೆಯಿತು. ಅಮೆರಿಕದಲ್ಲಿ ಅಚ್ಚಾಗಿ ಗುಟ್ಟಾಗಿ ಹಡಗಿನಲ್ಲಿ ಬಂದಿದ್ದ ಹೊಸ ಡಾಯ್ಚ್ ಮಾರ್ಕ್ ಜೂನ್ 20ರಂದು ಪಶ್ಚಿಮದ ವಲಯಗಳಲ್ಲಿ ಹೊರಬಂತು. ತಲೆಗೆ ಮೊದಲು 40 ಮಾರ್ಕ್. ಬ್ಯಾಂಕಿನಲ್ಲಿದ್ದ ಜನರ ಉಳಿತಾಯ ಕೊನೆಗೆ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆಯಾಯಿತು. ಪಶ್ಚಿಮದಲ್ಲಿ ಬೆಲೆ ಕಳೆದುಕೊಂಡ ಹಳೆಯ ನೋಟೆಲ್ಲ ತಮ್ಮ ಕಡೆಗೆ ಹರಿದು ಬರುತ್ತದೆ ಎಂಬ ಸೋವಿಯತ್ ಆತಂಕ ಸುಳ್ಳಾಗಿರಲಿಲ್ಲ. ಅವರ ಹತ್ತಿರ ಹೊಸ ನೋಟು ಸಿದ್ಧವಿರಲಿಲ್ಲ. ಹಳೆಯ ನೋಟಿಗೇ ಚೀಟಿ ಅಂಟಿಸಿ ಬಿಟ್ಟರು.

ಬರ್ಲಿನ್ ಇದ್ದದ್ದು ಸೋವಿಯತ್ ವಲಯದ ಒಳಗೆ, ಆದರೆ ಅದನ್ನೂ ನಾಲ್ವರು ಹಂಚಿಕೊಂಡಿದ್ದರು. ಜೂನ್ 24ರಂದು ಪಶ್ಚಿಮದವರ ಪಾಲಿನ ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ಕಾಲುವೆ ಮೂರನ್ನೂ ಸೋವಿಯತ್ ಬಂದ್ ಮಾಡಿತು. 20 ಲಕ್ಷಕ್ಕೂ ಹೆಚ್ಚು ಜನರಿಗೆ ಹಿಟ್ಟು, ಕಲ್ಲಿದ್ದಲು ಎಲ್ಲವೂ ವಿಮಾನದಲ್ಲೇ ಬಂತು. ಒಟ್ಟು ಸುಮಾರು 23 ಲಕ್ಷ ಟನ್. ಅದರಲ್ಲಿ ಕಲ್ಲಿದ್ದಲಿನ ಪಾಲೇ ಹೆಚ್ಚು. ದಿಗ್ಬಂಧನ ತೆರವಾದದ್ದು 1949ರ ಮೇ 12ಕ್ಕೆ. ಅಷ್ಟರಲ್ಲಿ ಪಶ್ಚಿಮದ ದೇಶಗಳ ಸೇನಾ ಒಕ್ಕೂಟವಾದ ನೇಟೋ ಹುಟ್ಟಿತ್ತು. ಆ ವರ್ಷ ಮುಗಿಯುವುದರೊಳಗೆ ಜರ್ಮನಿಯೇ ಎರಡು ದೇಶವಾಯಿತು.

ಆದರೆ ಪಶ್ಚಿಮ ಬರ್ಲಿನ್ನಿನಲ್ಲಿ ಮಾತ್ರ, ತಲೆಯ ಮೇಲೆ ವಿಮಾನ ಹಾರುತ್ತಿದ್ದ ಆ ತಿಂಗಳುಗಳಲ್ಲೂ, ಎರಡು ಕಡೆಯ ನೋಟೂ ಚಲಾವಣೆಯಲ್ಲಿದ್ದವು. 1949ರ ಮಾರ್ಚ್ 20ರವರೆಗೆ ಅಲ್ಲಿನ ಜನ ಎರಡನ್ನೂ ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು.